ಹೋಗಿ ಬರುವ ಹೊಲಿಗೆ

ಕಸೂತಿಯಲ್ಲಿ ಗಂಟು ಇಲ್ಲ. ದಾರ ಶುರುವಾಗುವಲ್ಲೂ ಇಲ್ಲ, ಮುಗಿಯುವಲ್ಲೂ ಇಲ್ಲ. ನನಗೆ ಹತ್ತು ವರ್ಷವಿದ್ದಾಗ, ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಮೊದಲ ಸಲ ಸೂಜಿಗೆ ದಾರ ಪೋಣಿಸಿದೆ. ಪೋಣಿಸಿದವಳೇ ದಾರದ ತುದಿಗೆ ಗಂಟು ಹಾಕಿಬಿಟ್ಟೆ. ಅವ್ವ ಆ ದಾರವನ್ನು ನನ್ನ ಕೈಯಿಂದ ಇಸಿದುಕೊಂಡು, ಗಂಟನ್ನು ಹಲ್ಲಿನಿಂದ ಕತ್ತರಿಸಿ ಉಗುಳಿದಳು. "ಗಂಟು ಹಾಕಿದಿ ಅಂದ್ರ ಅದು ಕಸೂತಿ ಅಲ್ಲ. ಹಿಂದ ತಿರುವಿ ನೋಡಿದ್ರೂ ಮುಂದ ಇದ್ದಂಗ ಇರಬೇಕು" ಅಂದಳು.

ಆಮೇಲೆ ಬಟ್ಟೆಯ ಎಳೆ ಎಣಿಸಿ ತೋರಿಸಿದಳು. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಸೂಜಿ ಹೀಗೆ ಮುಳುಗುತ್ತ ಏಳುತ್ತ ಗೆರೆಯ ಕೊನೆ ಮುಟ್ಟಿದಾಗ ಬಟ್ಟೆಯ ಮೇಲೆ ಒಂದು ಬಿಟ್ಟು ಒಂದು ಹೊಲಿಗೆ ಕಾಣುತ್ತಿತ್ತು. ನಡುನಡುವೆ ಖಾಲಿ. "ಆತೇನವ್ವಾ?" ಅಂತ ಕೇಳಿದೆ. "ಎಲ್ಲಿ ಆತು? ಹೋಗಿದ್ದಷ್ಟ ಆತು. ಇನ್ನ ಬರೂದು ಐತಿ. ಮನಿಯಿಂದ ಹೊಂಟಾಗ ನೀ ಏನಂತಿ? ಹೋಗ್ತೇನಿ ಅಂತಿ ಏನು? ಹೋಗಿ ಬರ್ತೇನಿ ಅಂತಿ ಹೌದಲ್ಲೋ. ಸೂಜಿನೂ ಹಂಗ" ಅಂದಳು. ಸೂಜಿಯನ್ನು ತಿರುಗಿಸಿ, ಹೋದ ದಾರಿಯಲ್ಲೇ, ಹೋದ ತೂತುಗಳಲ್ಲೇ ವಾಪಸು ಬಂದಳು. ಖಾಲಿ ಇದ್ದಲ್ಲೆಲ್ಲ ಹೊಲಿಗೆ ಬಿತ್ತು, ಗೆರೆ ತುಂಬಿತು. ತಿರುವಿ ನೋಡಿದರೆ ಹಿಂದೆಯೂ ಅದೇ ಗೆರೆ.

ಅದು ಗವಂತಿ ಹೊಲಿಗೆ. ಕಸೂತಿಯಲ್ಲಿ ನಾಲ್ಕು ಬಗೆ. ನೆಟ್ಟಗೆ, ಅಡ್ಡ, ಓರೆ ಗೆರೆಗಳಿಗೆ ಗವಂತಿ. ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುವುದಕ್ಕೆ ಮುರಗಿ. ಈ ಎರಡರಲ್ಲೂ ಹೋಗಿ ಬರಬೇಕು, ಈ ಎರಡಕ್ಕೂ ಹಿಂದು ಮುಂದು ಒಂದೇ. ನೇಯ್ದ ಹಾಗೆ ಕಾಣುವುದು ನೇಯ್ಗಿ. ಮೆಂತ್ಯದ ಕಾಳಿನ ಹಾಗೆ ಕಾಣುವುದು ಮೆಂತಿ, ಗುಣಿಸುವ ಚಿಹ್ನೆಯಂತೆ ಒಂದರ ಮೇಲೊಂದು ಅಡ್ಡ ಬೀಳುವ ಹೊಲಿಗೆ. ನೇಯ್ಗಿಗೂ ಮೆಂತಿಗೂ ಹಿಂದಿನ ಮಗ್ಗುಲು ಬೇರೆ. ಅವ್ವನಿಗೆ ನಾಲ್ಕೂ ಬರುತ್ತಿದ್ದವು, ಆದರೆ ಅವಳ ಜೀವವಿದ್ದದ್ದು ಗವಂತಿಯಲ್ಲಿ ಮತ್ತು ಮುರಗಿಯಲ್ಲಿ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಕೂಡ ಇಡದೆ, ಎಳೆ ಎಣಿಸಿಯೇ ಆನೆ ಅಂಬಾರಿ, ತುಳಸಿಕಟ್ಟೆ, ತೇರು, ತೊಟ್ಟಿಲು, ನವಿಲು, ಗೋಪುರ ಎಲ್ಲವನ್ನೂ ಎಬ್ಬಿಸುತ್ತಿದ್ದಳು. ಮುರುಘಾಮಠದ ಜಾತ್ರೆಯಿಂದ ಬಂದ ವಾರದಲ್ಲಿ ಅವಳು ಹೊಲಿದ ತೇರಿನ ಕಳಸ ಬೇರೆ ತೇರುಗಳಿಗಿಂತ ಎರಡು ಹೊಲಿಗೆ ಎತ್ತರ ಇರುತ್ತಿತ್ತು.

ಅವ್ವನ ಕಸೂತಿ ಹವ್ಯಾಸವಾಗಿರಲಿಲ್ಲ. ಅಂಗಡಿಯವರು ಸೀರೆ, ಕುಪ್ಪಸದ ಬಟ್ಟೆ ಕೊಟ್ಟು ಹೋಗುತ್ತಿದ್ದರು, ಅವಳು ಹೊಲಿದು ಕೊಡುತ್ತಿದ್ದಳು. ತುಂಬಿದ ಒಂದು ಸೆರಗಿಗೆ ತಿಂಗಳಿಗೂ ಮೇಲೆ ಹಿಡಿಯುತ್ತಿತ್ತು. ನನ್ನ ಶಾಲೆಯ ಫೀಸು, ತಮ್ಮನ ಪುಸ್ತಕ, ದೀಪಾವಳಿಯ ಹೊಸ ಬಟ್ಟೆ ಎಲ್ಲ ಆ ಸೆರಗುಗಳಿಂದ ಬಂದವು. ಮುಂಜಾನೆ ರೊಟ್ಟಿ ಬಡಿದು ಮುಗಿಸಿ, ಕೈಯ ಹಿಟ್ಟೆಲ್ಲ ಹೋಗುವ ಹಾಗೆ ಎರಡು ಸಲ ತೊಳೆದು, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕೂಡುತ್ತಿದ್ದಳು. ಧಾರವಾಡ ಆಕಾಶವಾಣಿಯಿಂದ ಮಲ್ಲಿಕಾರ್ಜುನ ಮನ್ಸೂರರ ವಚನ ಬಂತೆಂದರೆ ಎಣಿಕೆ ನಿಲ್ಲಿಸಿ ಸೂಜಿಯನ್ನು ಬಟ್ಟೆಗೆ ಚುಚ್ಚಿಡುತ್ತಿದ್ದಳು. ಹಾಡು ಕೇಳುತ್ತ ಎಣಿಸಿದರೆ ಎಳೆ ತಪ್ಪುತ್ತದೆ, ಎಣಿಸುತ್ತ ಕೇಳಿದರೆ ಹಾಡು ತಪ್ಪುತ್ತದೆ ಅನ್ನುವುದು ಅವಳ ಲೆಕ್ಕ.

ಇಷ್ಟು ಸೆರಗು ಹೊಲಿದವಳ ಹತ್ತಿರ ತನ್ನದೆಂಬ ಕಸೂತಿ ಸೀರೆ ಒಂದೂ ಇರಲಿಲ್ಲ. ನನ್ನ ಮದುವೆಯಾಗಿ ಮರುವರ್ಷ, 1990ರಲ್ಲಿ, ನನ್ನ ಕುಬಸದ, ಅಂದರೆ ಸೀಮಂತದ ಕಾಲಕ್ಕೆ ಒಂದು ಕರಿ ಚಂದ್ರಕಾಳಿ ಸೀರೆ ತಂದಳು. ಮಂಗಳಕಾರ್ಯಕ್ಕೆ ಕರಿ ಬಣ್ಣ ಬೇಡ ಎನ್ನುವ ನಮ್ಮ ಸೀಮೆಯಲ್ಲಿ ಚಂದ್ರಕಾಳಿಗೆ ಮಾತ್ರ ಆ ಮಾತು ತಾಗುವುದಿಲ್ಲ. ಮದುಮಗಳಿಗೆ ಕಸೂತಿ ತುಂಬಿದ ಚಂದ್ರಕಾಳಿ ಕೊಡುವುದು ಹಿಂದಿನಿಂದ ಬಂದ ಗೌರವ. ಮದುವೆಗೆ ಕೊಡಲಾಗಲಿಲ್ಲ, ಕುಬಸಕ್ಕಾದರೂ ಕೊಡಬೇಕು ಅನ್ನುವುದು ಅವಳ ಆಸೆ. ಆದರೆ ಆ ವರ್ಷ ಅಂಗಡಿಯ ಕೆಲಸ ಮೈತುಂಬ ಇತ್ತು. ಕುಬಸದ ದಿನ ಹಸಿರು ಸೀರೆಯೊಂದನ್ನು ಕೊಂಡು ತಂದು ಉಡಿಸಿದಳು. "ಚಂದ್ರಕಾಳಿ ದೀಪಾವಳಿಗೆ ಕೊಡ್ತೇನಿ" ಅಂದಳು. ಆ ದೀಪಾವಳಿ ಮುಂದಿನದಾಯಿತು, ಅದರ ಮುಂದಿನದಾಯಿತು. ಮಂದಿಯ ಸೀರೆಗಳ ನಡುವೆ ಸಿಕ್ಕ ಬಿಡುವಿನಲ್ಲಿ ಮಗಳ ಸೀರೆ ಬೆಳೆಯಿತು. ಸೆರಗಿನ ಅಂಚಿಗೆ ದೊಡ್ಡ ಚಿತ್ರ, ಒಳಗೆ ಹೋದ ಹಾಗೆ ಸಣ್ಣದಾಗುತ್ತ ಹೋಗಬೇಕು, ಅದು ಕಸೂತಿಯ ಪದ್ಧತಿ. ಮೊದಲು ಒಳಗಿನ ಚುಕ್ಕಿ, ಗಿಳಿ, ತೊಟ್ಟಿಲು ಮುಗಿಸಿದಳು. ಆಮೇಲೆ ಆನೆ, ತೇರು. ಕೊನೆಗೆ ಅಂಚಿನ ಐದು ಗೋಪುರ. ನಾಲ್ಕು ಪೂರ್ತಿಯಾದವು. ಐದನೆಯದರಲ್ಲಿ ಸೂಜಿ ನಿಂತಿತು.

1996ರ ಶ್ರಾವಣ. ನಾನಾಗ ಬ್ಯಾಂಕಿನ ಕೆಲಸದ ಮೇಲೆ ರಾಯಚೂರಿನಲ್ಲಿದ್ದೆ. ಅವ್ವನ ಕಣ್ಣಲ್ಲಿ ಪೊರೆ ಬಂದಿದೆ, ಮಳೆಗಾಲ ಮುಗಿದ ಮೇಲೆ ಆಪರೇಷನ್ ಮಾಡಿಸೋಣ ಅಂತ ತಮ್ಮ ಹೇಳಿದ್ದ. ಮಳೆಗಾಲ ಮುಗಿಯುವ ಮೊದಲೇ ಅವ್ವನ ಎದೆ ನಿಂತುಹೋಯಿತು. ನಾನು ಧಾರವಾಡ ಮುಟ್ಟಿದಾಗ ಅವಳ ಸೂಜಿ ಐದನೆಯ ಗೋಪುರದ ಬಲಗಡೆ ಮೆಟ್ಟಿಲಿಗೆ ಚುಚ್ಚಿಕೊಂಡೇ ಇತ್ತು, ಗೇಣುದ್ದ ಕೆಂಪು ದಾರ ತೂಗುತ್ತಿತ್ತು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಆ ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು, ಅವಳು ಕಲಿಸಿದ ಹಾಗೆ ಉಗುರಿನಿಂದ ಎಳೆ ಎಣಿಸುತ್ತ ಹೋದೆ. ಮೊದಲ ನಾಲ್ಕು ಗೋಪುರಗಳಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಐದನೆಯದರಲ್ಲಿ ಕಳಸದ ಕೆಳಗೆ ಒಂದು ಹೊಲಿಗೆ ಐದು ಎಳೆಯ ಮೇಲಿತ್ತು. ಇನ್ನೊಂದು ಮೂರರ ಮೇಲೆ. ಮತ್ತೊಂದು ಮತ್ತೆ ಐದರ ಮೇಲೆ. ಅವ್ವನಿಗೆ ಕಾಣುತ್ತಿರಲಿಲ್ಲ. ಪೊರೆ ಬಂದಿದೆ ಅಂತ ನಮಗೆ ಗೊತ್ತಿತ್ತು, ಆದರೆ ಕರಿ ಬಟ್ಟೆಯ ಕರಿ ಎಳೆ ಕಾಣದಷ್ಟು ಬೆಳೆದಿದೆ ಅಂತ ಅವಳು ಯಾರಿಗೂ ಹೇಳಿರಲಿಲ್ಲ. ಎಳೆ ಕಾಣದೆ, ಬೆರಳ ತುದಿಯಲ್ಲಿ ತಡವಿ ಎಣಿಸಿದ್ದಳು. ಮೂರು ತಪ್ಪು ಹೊಲಿಗೆಗಳು ನನಗೆ ಆ ವಿಷಯ ಹೇಳಿದವು. ನಾನು ಯುಗಾದಿಗೆ ಬಂದು ಎರಡು ದಿನ ಇದ್ದು ಹೋಗಿದ್ದೆ. ಅವ್ವ ನನ್ನ ಮುಖವನ್ನು ತುಸು ಹೆಚ್ಚು ಹತ್ತಿರ ಎಳೆದುಕೊಂಡು ನೋಡಿದ್ದಳು. ನಾನು ಅದನ್ನು ಬರೀ ಪ್ರೀತಿ ಅಂತ ತಿಳಿದಿದ್ದೆ.

ಸೀರೆಯನ್ನು ಅಪ್ಪನ ಹಳೆಯ ಧೋತರದಲ್ಲಿ ಸುತ್ತಿ, ನಡುವೆ ಬೇವಿನ ಎಲೆಯಿಟ್ಟು, ಟ್ರಂಕಿಗೆ ಹಾಕಿದೆ. ರಾಯಚೂರು, ವಿಜಯಪುರ, ಹುಬ್ಬಳ್ಳಿ, ಎಲ್ಲಿಗೆ ವರ್ಗವಾದರೂ ಟ್ರಂಕು ಜೊತೆಗೆ ಬಂತು. ವರ್ಷಕ್ಕೊಮ್ಮೆ ತೆಗೆದು, ಮಡಿಕೆ ಬದಲಿಸಿ, ಹೊಸ ಬೇವಿನ ಎಲೆ ಇಟ್ಟು ಮುಚ್ಚುತ್ತಿದ್ದೆ. ಒಂದೇ ಮಡಿಕೆಯಲ್ಲಿ ಬಿಟ್ಟರೆ ಬಟ್ಟೆ ಅಲ್ಲಿಯೇ ಸೀಳುತ್ತದೆ. ಹೀಗೆ 28 ವರ್ಷ. ಬಿಡುವಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಅರ್ಧ ನಿಜ. ಉಳಿದರ್ಧ ಆ ಮೂರು ಹೊಲಿಗೆಗಳು. ಮುಗಿಸಲು ಕೂತರೆ ಅವುಗಳ ಮೇಲೆ ಹಾದುಹೋಗಲೇಬೇಕಿತ್ತು.

2024ರಲ್ಲಿ ನಿವೃತ್ತಿಯಾಯಿತು. ಧಾರವಾಡಕ್ಕೆ ವಾಪಸು ಬಂದೆವು. ಶ್ರಾವಣದಲ್ಲಿ ಒಂದು ಬೆಳಗ್ಗೆ, ಜಿಟಿಜಿಟಿ ಮಳೆ ನಿಂತು ಬೆಳಕು ಬಿದ್ದಾಗ ಟ್ರಂಕು ತೆಗೆದೆ. ಅವ್ವ ಮಾಡುತ್ತಿದ್ದ ಹಾಗೆ ತೊಡೆಯ ಮೇಲೆ ಮೊದಲು ಬಿಳಿ ಬಟ್ಟೆ ಹಾಸಿಕೊಂಡು, ಅದರ ಮೇಲೆ ಕರಿ ಸೆರಗು ಹರಡಿದೆ. ಕೆಳಗೆ ಬಿಳಿ ಇದ್ದರೆ ಎಳೆಗಳ ಸಂದಿಯಲ್ಲಿ ಬೆಳಕು ಇಣುಕುತ್ತದೆ, ಎಣಿಸಲು ಬರುತ್ತದೆ. ಮೂರು ದಶಕಕ್ಕೂ ಮೇಲೆ ನೋಟು ಎಣಿಸಿದ ಬೆರಳು ನನ್ನದು. ಆದರೆ ನೋಟಿನ ಎಣಿಕೆ ಮುಂದಕ್ಕಷ್ಟೇ ಓಡುತ್ತದೆ. ಎಳೆಯ ಎಣಿಕೆಗೆ ಬೇರೆ ತಾಳ್ಮೆ ಬೇಕು. ಮೊದಲ ಮೂರು ದಿನ ಹಳೆಯ ಬಟ್ಟೆಯ ತುಂಡಿನ ಮೇಲೆ ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಗೆರೆ ಕೂಡುತ್ತಿರಲಿಲ್ಲ.

ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬರು ಅಕ್ಕೋರು ಈಗಲೂ ಕಸೂತಿ ಹೊಲಿಯುತ್ತಾರೆ. ಕಾಲಿನ ಬೇನೆಯಿಂದ ಹೊರಗೆ ಹೋಗುವುದು ಕಡಿಮೆ, ಮೂವರು ಹುಡುಗಿಯರಿಗೆ ಮನೆಯಲ್ಲೇ ಕಲಿಸುತ್ತಾರೆ. ಈಗ ಹೆಚ್ಚಿನವರು ಸೀರೆಯ ಮೇಲೆ ಮ್ಯಾಟಿ ಬಟ್ಟೆಯ ತುಂಡು ಟಾಕಿ ಹಾಕಿಕೊಂಡು, ಅದರ ಚೌಕಳಿ ಎಣಿಸಿ ಹೊಲಿದು, ಕೊನೆಗೆ ಮ್ಯಾಟಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ನುಣುಪು ರೇಷ್ಮೆಯ ಮೇಲೂ ಹೊಲಿಯಬಹುದು, ಕಣ್ಣಿಗೆ ಭಾರ ಕಡಿಮೆ. ಅವ್ವನ ಕಾಲಕ್ಕೆ ಈ ದಾರಿ ನಮ್ಮ ಮನೆಗೆ ಬಂದಿದ್ದರೆ ಎಂದು ನನ್ನ ಜೀವ ಒಂದು ಕ್ಷಣ ಚುರ್ ಅಂದಿತು. ಪೇಟೆಯಲ್ಲಿ ಮಶೀನಿನ ಕಸೂತಿಯೂ ಬಂದಿದೆ. ತಿರುವಿ ನೋಡಿದರೆ ಹಿಂದೆ ದಾರದ ಜಡೆ. ಧಾರವಾಡದ ಕಸೂತಿಗೆ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಅದನ್ನು ಕಾಯುವುದು ಸೀರೆ ಕೊಳ್ಳುವಾಗ ಸೆರಗು ತಿರುವಿ ನೋಡುವ ಕೈಗಳು ಮತ್ತು ಆ ಹೊಲಿಗೆಗೆ ತಕ್ಕ ಬೆಲೆ ಕೊಡುವ ಮನಸ್ಸು ಎಂದು ನಾನು ನಂಬುತ್ತೇನೆ. ಹೊಲಿದವರ ಕಣ್ಣು ಆ ಬೆಲೆಯಲ್ಲಿ ಸೇರಬೇಕು.

ಅಕ್ಕೋರು ನನ್ನ ಸೆರಗನ್ನು ಮೊದಲು ನೋಡಿದ್ದು ಹಿಂದಿನಿಂದಲೇ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀವು ಗೋಪುರ ನೋಡಾಕತ್ತೀರಿ. ದಾರಿ ನೋಡ್ರಿ. ನಿಮ್ಮ ಅವ್ವಾರು ಎಲ್ಲಿಂದ ಹೊಂಟಾರ, ಯಾವ ಸಂದ್ಯಾಗ ಹೊಕ್ಕಾರ, ಎಲ್ಲಿ ತಿರುಗ್ಯಾರ, ಎಲ್ಲಾ ಇಲ್ಲೇ ಐತಿ" ಅಂದರು.

ಅದು ನಿಜ. ಗವಂತಿಯಲ್ಲಿ ಚಿತ್ರ ಎಷ್ಟೇ ಕವಲೊಡೆದರೂ ಒಂದೇ ದಾರ ಎಲ್ಲ ಕವಲಿಗೂ ಹೋಗಿ ಬರುತ್ತದೆ. ಗೋಪುರದ ಮೆಟ್ಟಿಲೇರುವಾಗ ಪಕ್ಕದಲ್ಲಿ ಒಂದು ಗೂಡು ಬಂದರೆ ಅದರೊಳಗೆ ಹೊಕ್ಕು, ಹೊರಬಂದು, ಮತ್ತೆ ಏರಬೇಕು. ಪ್ರತಿ ಗೆರೆಯ ಮೇಲೆ ದಾರ ಎರಡು ಸಲ ನಡೆಯುತ್ತದೆ, ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಹಾಗಾಗಿಯೇ ಅದು ಹೊರಟಲ್ಲಿಗೆ ಬಂದು ಮುಟ್ಟುತ್ತದೆ, ಹಾಗಾಗಿಯೇ ಗಂಟು ಬೇಡ. ಹೋಗಿದ್ದಷ್ಟೇ ಆಗಿದ್ದರೆ ಮುಂದೆ ಹೊಲಿಗೆ ಇರುವಲ್ಲಿ ಹಿಂದೆ ಖಾಲಿ, ಹಿಂದೆ ಹೊಲಿಗೆ ಇರುವಲ್ಲಿ ಮುಂದೆ ಖಾಲಿ. ಎರಡೂ ಮಗ್ಗುಲನ್ನು ತಿರುವಿ ತಿರುವಿ ನೋಡುತ್ತ ಒಂದು ಕಾಗದದ ಮೇಲೆ ಅವ್ವನ ದಾರಿಯನ್ನು ಬರೆದುಕೊಂಡೆ. ಎಡಗಡೆ ಬುಡದಿಂದ ಹೊರಟಿದ್ದಳು. ಮೆಟ್ಟಿಲು ಮೆಟ್ಟಿಲಿಗೂ ಗೂಡು ಹೊಕ್ಕು ಬಂದು, ಕಳಸ ಮುಟ್ಟಿ, ಬಲಗಡೆ ಇಳಿಯುತ್ತಿದ್ದಳು. ಬುಡಕ್ಕೆ ಇನ್ನು ಎರಡು ಮೆಟ್ಟಿಲು ಉಳಿದಿದ್ದವು. ಅಷ್ಟು ಬಿಟ್ಟರೆ ಇಡೀ ಗೋಪುರ ಅವ್ವ ಹೋಗಿದ್ದಳು. ಬಂದಿರಲಿಲ್ಲ.

ಸೂಜಿ ತುಕ್ಕು ಹಿಡಿದಿತ್ತು, ಅದರ ಸುತ್ತ ಬಟ್ಟೆಯ ಮೇಲೆ ಸಣ್ಣ ಕಂದು ಕಲೆ. ಸೂಜಿಯನ್ನು ಮೆಲ್ಲಗೆ ಬಿಡಿಸಿ, ಅವಳು ಬಿಟ್ಟ ಗೇಣುದ್ದದ ದಾರವನ್ನೇ ಹೊಸ ಸೂಜಿಗೆ ಪೋಣಿಸಿದೆ. ಹಳೆಯ ರೇಷ್ಮೆ, ಎಳೆದರೆ ತುಂಡಾದೀತು ಎಂಬ ಅಂಜಿಕೆ. ಒಂದೊಂದು ಹೊಲಿಗೆಗೂ ಉಸಿರು ಹಿಡಿದೆ. ಅವ್ವನ ದಾರ, ನನ್ನ ಕೈ. ಎರಡು ಮೆಟ್ಟಿಲು ಇಳಿದು ದಾರ ಬುಡ ಮುಟ್ಟಿತು. ಉಳಿದದ್ದು ಬೆರಳುದ್ದ. ಹೋಗುವ ಕೆಲಸ ಅಲ್ಲಿಗೆ ಮುಗಿಯಿತು.

ಬರುವುದಕ್ಕೆ ಹೊಸ ದಾರ ಬೇಕಿತ್ತು. ಸುಭಾಸ ರಸ್ತೆಯ ದಾರದ ಅಂಗಡಿಗಳನ್ನು ಸುತ್ತಿದೆ. ಅವ್ವ ಹಾಕಿದ್ದು ಅಪ್ಪಟ ಕುಂಕುಮದ ಕೆಂಪು, ಈಗ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು. ಅಂಗಡಿಯವರು ಏಳು ಬಗೆಯ ಕೆಂಪು ಲಡಿ ತೆಗೆದು ಹರಡಿದರು. ಯಾವುದೂ ಹೊಂದಲಿಲ್ಲ. ಹೊಸ ದಾರವನ್ನು ಚಹಾದ ಡಿಕಾಕ್ಷನ್ನಿನಲ್ಲಿ ನೆನೆಸಿದರೆ ಬಣ್ಣ ಮಂಕಾಗಿ ಹೊಂದೀತು ಎಂದು ನಮ್ಮ ಮನೆಯವರು ಹೇಳಿದರು. ಒಂದು ತುಂಡು ನೆನೆಸಿಯೂ ನೋಡಿದೆ. ಹೊಂದಿತು. ಆದರೆ ಸೆರಗಿನ ಪಕ್ಕ ಇಟ್ಟು ನೋಡಿದಾಗ ಮನಸ್ಸು ಒಪ್ಪಲಿಲ್ಲ. 28 ವರ್ಷ ಆಗಿಲ್ಲದ ದಾರಕ್ಕೆ 28 ವರ್ಷದ ಬಣ್ಣ ಬಳಿದರೆ, ಅವ್ವನ ಕೆಂಪು ಮಾಸಿದ್ದಕ್ಕೆ ಅರ್ಥವೇನು ಉಳಿಯಿತು? 1990ರಲ್ಲಿ ಅವಳು ಯಾವ ಕೆಂಪನ್ನು ಆರಿಸಿದ್ದಳೋ ಆ ಕುಂಕುಮದ ಕೆಂಪನ್ನೇ ತಂದೆ.

ಕಳಸದ ಕೆಳಗಿನ ಆ ಮೂರು ಹೊಲಿಗೆಗಳಿಗೆ ಬಂದಾಗ ಎರಡು ದಿನ ಸೂಜಿ ಮುಟ್ಟಲಿಲ್ಲ. ಅಷ್ಟನ್ನು ಬಿಚ್ಚಿ, ಸರಿಯಾಗಿ ಎಣಿಸಿ, ಮತ್ತೆ ಹೊಲಿಯಬಹುದಿತ್ತು. ಅಕ್ಕೋರನ್ನು ಕೇಳಿದೆ. ಅವರು ಆ ಹೊಲಿಗೆಗಳ ಮೇಲೆ ಬೆರಳಾಡಿಸಿ, "ಬರೂ ಸೂಜಿ ಹೋದ ತೂತಿನ್ಯಾಗ ಹೋಗಬೇಕ್ರಿ. ನೀವು ನಿಮ್ಮ ಎಣಿಕಿ ಹಿಡದ್ರ ಹಿಂದಿಂದು ಮುಂದಿಂದು ಕೂಡೂದಿಲ್ಲ" ಅಂದರು. ತಂತ್ರದ ಮಾತು ಅದು, ಅವರು ಹೇಳಿದ್ದೂ ಅಷ್ಟಕ್ಕೇ. ನನಗೆ ಅಷ್ಟು ಸಾಕಾಯಿತು. ಅವಳು ಐದು ಎಳೆ ಹಿಡಿದಲ್ಲಿ ನಾನೂ ಐದು ಹಿಡಿದೆ. ಮೂರು ಹಿಡಿದಲ್ಲಿ ಮೂರು. ಕಣ್ಣು ಮುಚ್ಚಿ, ಬೆರಳ ತುದಿಯಿಂದ ತೂತನ್ನು ತಡವಿ ಸೂಜಿ ಇಳಿಸಿದೆ. ಕರಿ ಬಟ್ಟೆ ಕೈಗೆ ಹೇಗಿರುತ್ತದೆ, ಎಳೆ ಎಷ್ಟು ಸಣ್ಣಗೆ ಸಿಕ್ಕುತ್ತದೆ, ಎಷ್ಟು ಬೇಗ ಜಾರುತ್ತದೆ, ಎಲ್ಲ ಆಗ ತಿಳಿಯಿತು. ಹಾಗೆ ತಡವಿ ತಡವಿ ಅವಳು ಬಲಗಡೆಯ ಅಷ್ಟೂ ಮೆಟ್ಟಿಲು ಇಳಿದಿದ್ದಳು, ಮೂರೇ ಮೂರು ಕಡೆ ತಪ್ಪಿದ್ದಳು. 28 ವರ್ಷ ನಾನು ಆ ಮೂರನ್ನೇ ಎಣಿಸಿದ್ದೆ. ಕಾಣದ ಕಣ್ಣಲ್ಲಿ ಸರಿ ಬಿದ್ದ ನೂರಾರು ಹೊಲಿಗೆಗಳನ್ನು ಎಣಿಸಿರಲಿಲ್ಲ.

ಕಳಸ ದಾಟಿ ಎಡಗಡೆ ಇಳಿಯುವಾಗ ಕೈ ಹದಕ್ಕೆ ಬಂತು. ದಿನಾ ಹತ್ತು ಗಂಟೆಯಿಂದ ಹನ್ನೆರಡರ ತನಕ ಕೂಡುತ್ತಿದ್ದೆ, ಬೆಳಕು ಸರಿದರೆ ಎದ್ದುಬಿಡುತ್ತಿದ್ದೆ. ಒಂದು ದಿನ ಸೆರಗನ್ನು ಬೆಳಕಿಗೆ ಹಿಡಿದು ನೋಡಿದೆ. ಗೋಪುರದ ಗೆರೆಯಲ್ಲಿ ಒಂದು ಹೊಲಿಗೆ ಇಟ್ಟಿಗೆಗೆಂಪು, ಒಂದು ಕುಂಕುಮಗೆಂಪು, ಒಂದು ಅವಳದು, ಒಂದು ನನ್ನದು. ತಿರುವಿದೆ. ಹಿಂದೆಯೂ ಅದೇ ಗೋಪುರ, ಆದರೆ ಜಾಗ ಅದಲುಬದಲು. ಮುಂದೆ ಅವ್ವ ಇರುವಲ್ಲಿ ಹಿಂದೆ ನಾನು, ಮುಂದೆ ನಾನು ಇರುವಲ್ಲಿ ಹಿಂದೆ ಅವ್ವ. ಒಂದು ಹೊಲಿಗೆಯಷ್ಟು ಜಾಗವೂ ಬರೀ ಅವಳದಾಗಿರಲಿಲ್ಲ, ಬರೀ ನನ್ನದಾಗಿರಲಿಲ್ಲ. ಉಳಿದ ನಾಲ್ಕು ಗೋಪುರ ಅವ್ವನವು. ಈ ಐದನೆಯದು ಕಳಸದ ಹತ್ತಿರ ಒಂದೇ ಒಂದು ಎಳೆಯಷ್ಟು ಬಲಕ್ಕೆ ಸರಿದಿದೆ. ಎಣಿಸುವವರಿಗೆ ಮಾತ್ರ ಕಾಣುತ್ತದೆ.

ನವರಾತ್ರಿಗೆ ಇನ್ನು ಎರಡು ದಿನ ಇರುವಾಗ ಎಡಗಡೆಯ ಬುಡಕ್ಕೆ ಬಂದು ಮುಟ್ಟಿದೆ. ಕೊನೆಯ ಹೊಲಿಗೆ ಹಾಕಿ ಸೆರಗು ತಿರುವಿದಾಗ ಅಲ್ಲಿ, ನನ್ನ ಸೂಜಿ ಹೊರಬಂದ ತೂತಿನ ಪಕ್ಕದಲ್ಲೇ, ನಾಲ್ಕು ಬೆರಳಿನಷ್ಟು ಮಾಸಿದ ಕೆಂಪು ದಾರದ ಬಾಲ ಇಳಿಬಿದ್ದಿತ್ತು. ನನಗೆ ಅದರ ನೆನಪೇ ಇರಲಿಲ್ಲ. ಗಂಟು ಹಾಕುವುದಿಲ್ಲವಲ್ಲ, ಶುರು ಮಾಡುವಾಗ ದಾರವನ್ನು ಸ್ವಲ್ಪ ಉದ್ದ ಬಿಟ್ಟಿರುತ್ತಾರೆ. ಹೋಗಿ ಬಂದ ಮೇಲೆ ಅದನ್ನು ಸೂಜಿಗೆ ಪೋಣಿಸಿ ಹೊಲಿಗೆಗಳ ಅಡಿಯಲ್ಲಿ ತೂರಿಸಿ ಮರೆ ಮಾಡುತ್ತಾರೆ. ತಾನು ಬಂದ ಮೇಲೆ ಮಾಡಲೆಂದು ಅವ್ವ ಅದನ್ನು ಬಿಟ್ಟು ಹೊರಟಿದ್ದಳು.

ಅವಳ ಬಾಲವನ್ನು ನನ್ನ ಹೊಲಿಗೆಗಳ ಅಡಿಯಲ್ಲಿ ತೂರಿಸಿದೆ. ನನ್ನದನ್ನು ಅವಳ ಹೊಲಿಗೆಗಳ ಅಡಿಯಲ್ಲಿ. ಗಂಟು ಹಾಕಲಿಲ್ಲ.